ನೆಬ್ಯುಲಸ್, ವೇಗ್, ಆಂಬಿಗ್ಯುಯಸ್, ಅಬ್‌ಸ್ಕ್ಯೂರ್: ನಾಲ್ಕಕ್ಕೂ ‘ಅಸ್ಪಷ್ಟ’ ಅಂತಲೇ ಬರೀಬೇಕಾ?

ಹೊತ್ತಗೆ_ಸರಸ್ವತಿಪುರಂ

ಹಾಲಿನ ಸಹಕಾರ ಸಂಘಗಳ ಸದಸ್ಯರಿಗೆ ಹಂಚುವ ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸ ನಡೀತಿದೆ. ಎರಡೇ ಪುಟದೊಳಗೆ ನಾಲ್ಕು ಗುಣವಾಚಕ ಬಂದಿವೆ. ಸಂಘದ ವಿಸ್ತರಣಾ ಯೋಜನೆಗೆ ‘ನೆಬ್ಯುಲಸ್’, ಹಿಂದಿನ ಆಡಳಿತ ಮಂಡಳಿ ಕೊಟ್ಟ ಆಶ್ವಾಸನೆಗೆ ‘ವೇಗ್’, ಪಶು ಆಹಾರದ ಕರಾರಿನ ಒಂದು ಷರತ್ತಿಗೆ ‘ಆಂಬಿಗ್ಯುಯಸ್’, ಹಳೇ ಬೈಲಾದ ಒಂದು ನಿಯಮಕ್ಕೆ ‘ಅಬ್‌ಸ್ಕ್ಯೂರ್’. ನಿಘಂಟಿನಲ್ಲಿ ನಾಲ್ಕಕ್ಕೂ ‘ಅಸ್ಪಷ್ಟ’ ಅನ್ನೋ ಅರ್ಥ ಸಿಗುತ್ತೆ. ಹಾಗೇ ಬರೆದರೆ ಓದುವವರಿಗೆ ಒಂದೇ ದೂರನ್ನ ನಾಲ್ಕು ಸಲ ಹೇಳಿದ ಹಾಗೆ ಕೇಳಿಸುತ್ತೆ. ಇಂಗ್ಲಿಷಿನಲ್ಲಿ ಬರೆದವರು ಬೇಕಂತಲೇ ಬೇರೆಬೇರೆ ಪದ ಹಾಕಿದ್ದಾರೆ ಅನ್ನಿಸ್ತಿದೆ. ವ್ಯತ್ಯಾಸ ಎಲ್ಲಿದೆ, ಕನ್ನಡದಲ್ಲಿ ಅದನ್ನ ಹೇಗೆ ಉಳಿಸಿಕೊಳ್ಳೋದು? ಮುಖ್ಯವಾಗಿ ‘ನೆಬ್ಯುಲಸ್’ಗೆ ಏನು ಬರೀಬೇಕು ಅಂತ ಹೊಳೀತಿಲ್ಲ.

ಒಂಟಿಕೊಪ್ಪಲು_ಇಂಗ್ಲಿಷ್_ಮೇಷ್ಟ್ರು

ಬೇಕಂತಲೇ ಹಾಕಿದ್ದಾರೆ. ನಾಲ್ಕು ಪದದ ಹೊಟ್ಟೆಯೊಳಗೂ ಒಂದೊಂದು ಚಿತ್ರ ಇದೆ, ಅದನ್ನ ಮೊದಲು ಹಿಡೀರಿ.

‘ವೇಗ್’ ಬಂದದ್ದು ಲ್ಯಾಟಿನ್ನಿನ ‘ವಾಗುಸ್’ನಿಂದ, ಅಂದರೆ ಅಲೆಯುವ. ‘ವ್ಯಾಗಬಾಂಡ್’ ಕೂಡ ಅದೇ ಬೇರಿನದು. ಒಂದು ಕಡೆ ಕಾಲೂರಿ ನಿಲ್ಲದ ಮಾತು. ‘ಆಂಬಿಗ್ಯುಯಸ್’ನಲ್ಲಿ ‘ಆಂಬಿ’ ಅಂದರೆ ಎರಡೂ ಕಡೆ, ಜೊತೆಗಿರೋದು ‘ನಡೆಸು, ಅಟ್ಟು’ ಅನ್ನೋ ಕ್ರಿಯಾಪದ. ಎರಡೂ ದಿಕ್ಕಿಗೆ ಎಳೆಯುವ ಮಾತು ಅಂತಾಯ್ತು. ‘ಅಬ್‌ಸ್ಕ್ಯೂರ್’ ಅಂದರೆ ಮೂಲದಲ್ಲಿ ಕತ್ತಲು ಕವಿದದ್ದು.

‘ನೆಬ್ಯುಲಸ್’ ಹುಟ್ಟಿದ್ದು ‘ನೆಬುಲಾ’ದಿಂದ. ಲ್ಯಾಟಿನ್ನಿನಲ್ಲಿ ಅದು ಮಂಜು, ತೆಳು ಮೋಡ. ನಮ್ಮ ‘ನಭ’ ಇದರ ದಾಯಾದಿ. ಕನ್ನಡದಲ್ಲಿ ನಭ ಅಂದರೆ ಆಕಾಶ ಅಂತಷ್ಟೇ ಉಳಿದಿದೆ, ಆದರೆ ಸಂಸ್ಕೃತದ ‘ನಭಸ್’ಗೆ ಮೋಡ, ಮಂಜು ಅನ್ನೋ ಅರ್ಥವೂ ಇದೆ. ಜರ್ಮನ್ನಿನಲ್ಲಿ ಮಂಜಿಗೆ ‘ನೇಬೆಲ್’ ಅಂತಾರೆ. ಉಬ್ಬಸದ ಮಕ್ಕಳಿಗೆ ಮುಖಕ್ಕೆ ಹಿಡಿಯೋ ನೆಬ್ಯುಲೈಸರ್ ಎಲ್ಲರಿಗೂ ಗೊತ್ತು. ನೀರಿನಂಥ ಔಷಧಿಯನ್ನ ಅದು ಮಂಜು ಮಾಡುತ್ತೆ.

ಡಿಸೆಂಬರಿನ ಬೆಳಿಗ್ಗೆ ಚಾಮುಂಡಿ ಬೆಟ್ಟಕ್ಕೆ ಮಂಜು ಕವಿದಿದೆ ಅನ್ನಿ. ಬೆಟ್ಟ ಮಸುಕಾಗಿ ಕಾಣುತ್ತೆ. ಅದಕ್ಕೆ ಇಂಗ್ಲಿಷಿನಲ್ಲಿ ‘ಹೇಝಿ’. ಬೆಟ್ಟ ತನ್ನಷ್ಟಕ್ಕೆ ಗಟ್ಟಿಯಾಗೇ ಇದೆ, ಬಿಸಿಲು ಏರಿದರೆ ಗೋಪುರವೂ ಕಾಣುತ್ತೆ. ‘ನೆಬ್ಯುಲಸ್’ ಅನ್ನೋದು ಬೆಟ್ಟಕ್ಕಲ್ಲ, ಆ ಮಂಜಿಗೆ. ಎಲ್ಲಿ ಶುರು, ಎಲ್ಲಿ ಕೊನೆ ಅಂತ ತೋರಿಸೋಕೆ ಆಗಲ್ಲ, ಕೈ ಹಾಕಿದರೆ ಹಿಡಿಯೋಕೆ ಏನೂ ಸಿಗಲ್ಲ. ಯೋಜನೆ ನೆಬ್ಯುಲಸ್ ಅಂದರೆ ‘ಅದನ್ನ ಸರಿಯಾಗಿ ವಿವರಿಸಿಲ್ಲ’ ಅಂತಲ್ಲ. ವಿವರಿಸೋಕೆ ಒಳಗೆ ಇನ್ನೂ ಏನೂ ಮೈ ತಳೆದಿಲ್ಲ ಅಂತ.

ಮೇಲುಕೋಟೆ_ನಕ್ಷತ್ರ

ಮೇಷ್ಟ್ರು ಹೇಳಿದ ಬೆಟ್ಟ ಮತ್ತು ಮಂಜಿನ ಭೇದ ಖಗೋಳಶಾಸ್ತ್ರದ ಚರಿತ್ರೆಯಲ್ಲೇ ನಡೆದುಹೋಗಿದೆ.

ದೂರದರ್ಶಕದಲ್ಲಿ ಚುಕ್ಕಿಯಾಗಿ ಕಾಣದೆ ಹತ್ತಿ ಹಿಂಜಿದ ಹಾಗೆ ಕಂಡದ್ದನ್ನೆಲ್ಲ ಹಿಂದೆ ‘ನೆಬುಲಾ’ ಅಂತಿದ್ದರು. ಫ್ರಾನ್ಸಿನ ಚಾರ್ಲ್ಸ್ ಮೆಸಿಯೆ ಧೂಮಕೇತು ಹುಡುಕುವವನು. ಧೂಮಕೇತುವಿನ ಹಾಗೆ ಕಂಡು ಮೋಸಮಾಡುವ ಇಂಥ ಮಸುಕು ತೇಪೆಗಳ ಪಟ್ಟಿಯನ್ನ 1774ರಿಂದ ಪ್ರಕಟಿಸುತ್ತಾ ಹೋದ. ಈಗ ಆ ಪಟ್ಟಿಯಲ್ಲಿ 110 ಇವೆ. ದೂರದರ್ಶಕಗಳು ದೊಡ್ಡದಾದಂತೆ ಕೆಲವು ತೇಪೆಗಳು ಒಡೆದು ಸಾವಿರಾರು ನಕ್ಷತ್ರಗಳಾಗಿ ಕಂಡವು. ಅಂದರೆ ಮಸುಕು ಇದ್ದದ್ದು ನಮ್ಮ ನೋಟದಲ್ಲಿ. ಹಾಗಾದರೆ ಎಲ್ಲವೂ ಹೀಗೇನಾ ಅನ್ನೋ ಪ್ರಶ್ನೆ ಬಹಳ ಕಾಲ ಉಳಿಯಿತು. 1864ರಲ್ಲಿ ವಿಲಿಯಂ ಹಗಿನ್ಸ್ ಅಂಥದ್ದೊಂದರ ಬೆಳಕನ್ನ ರೋಹಿತಕ್ಕೆ, ಅಂದರೆ ಬಣ್ಣಗಳ ಪಟ್ಟಿಗೆ, ಒಡೆದು ನೋಡಿದಾಗ ನಕ್ಷತ್ರಗಳ ರೋಹಿತ ಬರಲಿಲ್ಲ, ಬಿಡಿಬಿಡಿ ಉಜ್ವಲ ಗೆರೆಗಳು ಬಂದವು. ಅದು ಅನಿಲದ ಗುರುತು. ಅಂದರೆ ಆ ವಸ್ತುವೇ ಮಂಜು, ಎಷ್ಟು ದೊಡ್ಡ ದೂರದರ್ಶಕ ತಂದರೂ ಅದು ಚುಕ್ಕಿಗಳಾಗಿ ಒಡೆಯಲ್ಲ. ಆಂಡ್ರೊಮಿಡಾದ್ದು ಇದಕ್ಕೆ ಉಲ್ಟಾ. ನೆಬುಲಾ ಅಂತಲೇ ಕರೀತಿದ್ದದ್ದನ್ನ ಎಡ್ವಿನ್ ಹಬಲ್ 1920ರ ದಶಕದಲ್ಲಿ ನಮ್ಮ ಕ್ಷೀರಪಥದ ಆಚೆಗಿನ ಬೇರೊಂದು ಗೆಲಾಕ್ಸಿ ಅಂತ ತೋರಿಸಿಕೊಟ್ಟ.

ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರದ ಕೆಳಗೆ, ಕತ್ತಿ ತೂಗುಬಿಟ್ಟ ಜಾಗದಲ್ಲಿ ಬರಿಗಣ್ಣಿಗೇ ಒಂದು ಮಸುಕು ಕಾಣುತ್ತೆ. ಅದು ನಿಜವಾದ ನೀಹಾರಿಕೆ (ನೆಬುಲಾಗೆ ಕನ್ನಡದ ಹೆಸರು), ಸುಮಾರು 1,300 ಜ್ಯೋತಿರ್ವರ್ಷ ದೂರದ್ದು. ಅಲ್ಲಿ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ‘ನೆಬ್ಯುಲಸ್ ಐಡಿಯಾ’ ಅಂದಾಗ ಇದೂ ಸ್ವಲ್ಪ ನೆನಪಿರಲಿ, ಮುಂದೆ ಗಟ್ಟಿಯಾಗಬಹುದಾದ ಮಂಜು ಅದು. ನಿಮ್ಮ ಕೈಪಿಡಿಯಲ್ಲಿ ಮಾತ್ರ ‘ನೀಹಾರಿಕೆಯಂಥ ಯೋಜನೆ’ ಅಂತ ಬರೀಬೇಡಿ. ಕನ್ನಡದಲ್ಲಿ ನೀಹಾರಿಕೆ ಅಂದರೆ ಆಕಾಶದ್ದೇ. ಓದುವವರ ಕಣ್ಣಿಗೆ ಚೆಂದದ ಬಣ್ಣದ ಚಿತ್ರ ಬರುತ್ತೆ ಹೊರತು ದೋಷ ಕಾಣಲ್ಲ.

ಕಾಗದಪತ್ರ_ಮಂಡ್ಯ

ಕರಾರಿನ ವಿಷಯ ಬಂದದ್ದರಿಂದ ಇದನ್ನ ಬಿಡಿಸಿ ಹೇಳಬೇಕು. ಇಲ್ಲಿ ಪದ ತಪ್ಪಿದರೆ ಭಾಷೆಯ ತಪ್ಪಾಗಿ ಉಳಿಯಲ್ಲ, ವ್ಯಾಜ್ಯ ಆಗುತ್ತೆ.

1872ರ ಭಾರತೀಯ ಕರಾರು ಅಧಿನಿಯಮದ 29ನೇ ಕಲಂ ಪ್ರಕಾರ, ಅರ್ಥ ನಿಶ್ಚಿತವಲ್ಲದ ಮತ್ತು ನಿಶ್ಚಿತ ಮಾಡಿಕೊಳ್ಳಲೂ ಬಾರದ ಒಪ್ಪಂದ ಶೂನ್ಯ, ಅಂದರೆ ಕಾನೂನಿನಲ್ಲಿ ಅದು ನಿಲ್ಲಲ್ಲ. ಅದರ ಕೆಳಗಿನ ದೃಷ್ಟಾಂತಗಳನ್ನ ನೋಡಿದರೆ ನಿಮ್ಮ ಪದಗಳು ತಾವೇ ಬೇರೆಯಾಗಿ ನಿಲ್ಲುತ್ತವೆ. ಒಬ್ಬ ಇನ್ನೊಬ್ಬನಿಗೆ ‘ನೂರು ಟನ್ ಎಣ್ಣೆ’ ಮಾರ್ತೀನಿ ಅಂತ ಬರೆದುಕೊಟ್ಟ. ಯಾವ ಎಣ್ಣೆ ಅಂತ ಇಲ್ಲ. ಇದು ‘ವೇಗ್’, ಒಪ್ಪಂದ ಶೂನ್ಯ. ಅದೇ ಮಾತನ್ನ ಬರೀ ತೆಂಗಿನೆಣ್ಣೆ ವ್ಯಾಪಾರಿ ಬರೆದುಕೊಟ್ಟರೆ ಶೂನ್ಯ ಆಗಲ್ಲ, ಅವನ ವ್ಯಾಪಾರವೇ ಅರ್ಥ ಹೇಳುತ್ತೆ. ಒಂದಕ್ಷರ ಬದಲಾಗಿಲ್ಲ, ಸಂದರ್ಭದಿಂದ ಮಾತು ಗಟ್ಟಿಯಾಯ್ತು. ಇನ್ನೊಂದು ದೃಷ್ಟಾಂತದಲ್ಲಿ ‘ನನ್ನ ಬಿಳೀ ಕುದುರೆ ಐನೂರು ರೂಪಾಯಿಗೆ ಅಥವಾ ಸಾವಿರ ರೂಪಾಯಿಗೆ’ ಅಂತಿದೆ. ಎರಡೂ ಬೆಲೆ ಸ್ಪಷ್ಟವಾಗೇ ಇವೆ, ಯಾವುದು ಅಂತ ಗೊತ್ತಿಲ್ಲ. ಇದು ‘ಆಂಬಿಗ್ಯುಯಸ್’. ಇದೂ ಶೂನ್ಯವೇ, ಆದರೆ ಕಾರಣ ಬೇರೆ.

ಹಳೇ ಸಾಕ್ಷ್ಯ ಅಧಿನಿಯಮದಲ್ಲೂ ಒಂದು ಬಿಳೀ ಕುದುರೆ ಇತ್ತು. ‘ನನ್ನ ಬಿಳೀ ಕುದುರೆ’ ಅಂತ ಬರೆದವನ ಹತ್ತಿರ ಎರಡು ಬಿಳೀ ಕುದುರೆ ಇದ್ದರೆ? ಕಾಗದದಲ್ಲಿ ದೋಷ ಕಾಣಲ್ಲ, ಲಾಯಕ್ಕೆ ಹೋದ ಮೇಲೆ ಕಾಣುತ್ತೆ. ಅಂಥ ಕಡೆ ಯಾವ ಕುದುರೆ ಅಂತ ಹೊರಗಿನ ಸಾಕ್ಷ್ಯ ಕೊಡಬಹುದಿತ್ತು. ಬರಹದಲ್ಲೇ ‘ಸಾವಿರ ಅಥವಾ ಸಾವಿರದೈನೂರು’ ಅಂತಿದ್ದರೆ ಯಾವ ಬೆಲೆ ಅಂತ ತೋರಿಸೋಕೆ ಸಾಕ್ಷ್ಯ ಕೊಡೋ ಹಾಗಿರಲಿಲ್ಲ.

ನಮ್ಮ ಕಡೆ ಕ್ರಯಪತ್ರದಲ್ಲಿ ದಿನಾ ಕಾಣೋದು ‘ಪೈಕಿ’. ಒಂದು ಸರ್ವೆ ನಂಬರಿನಲ್ಲಿ 2 ಎಕರೆ ಇದೆ, ಅಂದರೆ 80 ಗುಂಟೆ. ‘ಸದರಿ ಸರ್ವೆ ನಂಬರಿನ ಪೈಕಿ 10 ಗುಂಟೆ’ ಅಂತ ಬರೆದರೆ ಅಳತೆ ಖಚಿತ, ಜಾಗ ಖಚಿತವಲ್ಲ. ಯಾವ ಮೂಲೆಯ 10 ಗುಂಟೆ? ಇದಕ್ಕೆ ವೇಗ್ ಅನ್ನೋದೂ ಸರಿಯಲ್ಲ, ಆಂಬಿಗ್ಯುಯಸ್ ಅನ್ನೋದೂ ಸರಿಯಲ್ಲ. ಗುರುತು ಮಾಡದೆ ಬಿಟ್ಟದ್ದು, ಹಾಗಾಗಿ ‘ಅನಿರ್ದಿಷ್ಟ’. ಅದನ್ನ ನಿರ್ದಿಷ್ಟ ಮಾಡೋಕೇ 11ಇ ನಕ್ಷೆ (ಮಾರುವ ಭಾಗದ ಸರ್ವೆ ನಕ್ಷೆ), ಪೋಡಿ (ಜಮೀನನ್ನ ಅಳೆದು ಭಾಗ ಮಾಡೋದು), ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಇರೋದು. ಅನುವಾದ ಮಾಡುವಾಗ ‘ಪೈಕಿ’ ಇದ್ದಲ್ಲಿ ಅದನ್ನ ಪೈಕಿ ಅಂತಲೇ ಉಳಿಸಿ. ನೀವಾಗೇ ‘ಪೂರ್ವದ 10 ಗುಂಟೆ’ ಅಂತ ತಿದ್ದಿದರೆ ಇಲ್ಲದ ಹಕ್ಕು ಸೃಷ್ಟಿಯಾಗುತ್ತೆ.

ಹೊತ್ತಗೆ_ಸರಸ್ವತಿಪುರಂ

ವೇಗ್ ಮತ್ತು ಆಂಬಿಗ್ಯುಯಸ್ ಭೇದ ಈಗ ಮನಸ್ಸಿಗೆ ಕೂತಿತು, ಧನ್ಯವಾದ ಸರ್. ಆದರೆ ವೇಗ್ ಮತ್ತು ನೆಬ್ಯುಲಸ್ ನಡುವೆ ಇನ್ನೂ ಗೆರೆ ಎಳೆಯೋಕೆ ಆಗ್ತಿಲ್ಲ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಇಂಗ್ಲಿಷ್ ವಾಕ್ಯ ಕೆಡುತ್ತಾ?

ಒಂಟಿಕೊಪ್ಪಲು_ಇಂಗ್ಲಿಷ್_ಮೇಷ್ಟ್ರು

ಕೆಲವು ಕಡೆ ಕೆಡುತ್ತೆ. ವಾಕ್ಯದ ಕರ್ತೃ ಯಾರು ಅಂತ ನೋಡಿ.

ಮನುಷ್ಯನ ಬಗ್ಗೆ ‘ವೇಗ್’ ಹೇಳಬಹುದು. ‘ಹಿ ವಾಸ್ ವೇಗ್ ಅಬೌಟ್ ದ ಡೇಟ್’ ಸಹಜವಾದ ಇಂಗ್ಲಿಷ್, ಅವನು ತಾರೀಕು ಸರಿಯಾಗಿ ಹೇಳಲಿಲ್ಲ ಅಂತ. ಅಲ್ಲಿ ‘ನೆಬ್ಯುಲಸ್’ ಹಾಕಿದರೆ ಕಿವಿಗೆ ಒಗ್ಗಲ್ಲ. ನೆಬ್ಯುಲಸ್ ಆಗೋದು ಯೋಜನೆ, ಪರಿಕಲ್ಪನೆ, ಗುರಿ, ಗಡಿ, ಸಂಬಂಧ, ಪದದ ಅರ್ಥ ಇಂಥವು. ಮಾತಾಡಿದವನ ಮೇಲೆ ಬೊಟ್ಟು ಮಾಡೋ ಪದ ವೇಗ್, ವಿಷಯದ ಮೇಲೆ ಬೊಟ್ಟು ಮಾಡೋದು ನೆಬ್ಯುಲಸ್. ಆಶ್ವಾಸನೆ ಅನ್ನೋದು ಒಬ್ಬರು ಆಡಿದ ಮಾತು, ಅದಕ್ಕೇ ನಿಮ್ಮ ಕೈಪಿಡಿಯಲ್ಲಿ ಅದು ವೇಗ್.

ವೇಗ್ ಅನ್ನಿಸಿಕೊಂಡ ಮಾತನ್ನ ರಿಪೇರಿ ಮಾಡೋಕೆ ಪ್ರಶ್ನೆ ಕೇಳಿದರೆ ಸಾಕು. ಎಷ್ಟು, ಯಾವಾಗ, ಯಾರಿಗೆ? ಉತ್ತರ ಬಂದರೆ ಮಾತು ನಿಂತಿತು. ನೆಬ್ಯುಲಸ್ ಆದದ್ದಕ್ಕೆ ಪ್ರಶ್ನೆ ಕೇಳಿದರೂ ಉತ್ತರ ಇರಲ್ಲ, ಯಾಕಂದರೆ ಯಾರೂ ಅದನ್ನ ಇನ್ನೂ ಯೋಚಿಸಿ ಮುಗಿಸಿಲ್ಲ.

‘ಅಬ್‌ಸ್ಕ್ಯೂರ್’ಗೆ ಎರಡು ಉಪಯೋಗ ಇವೆ. ಕಷ್ಟಪಟ್ಟರೂ ಅರ್ಥವಾಗದ್ದು ಒಂದು, ಹೆಚ್ಚು ಜನಕ್ಕೆ ಗೊತ್ತೇ ಇಲ್ಲದ್ದು ಇನ್ನೊಂದು. ‘ಆ್ಯನ್ ಅಬ್‌ಸ್ಕ್ಯೂರ್ ವಿಲೇಜ್’ ಅಂದರೆ ಯಾರೂ ಹೆಸರು ಕೇಳಿರದ ಊರು. ಇದನ್ನ ‘ನಿಗೂಢ ಗ್ರಾಮ’ ಅಂತ ಅನುವಾದ ಮಾಡೋದು ಬಹಳ ಕಡೆ ಕಾಣುತ್ತೆ. ಊರಿನಲ್ಲಿ ಏನೋ ರಹಸ್ಯ ಇದೆ ಅಂತ ಆಗಿಬಿಡುತ್ತೆ, ಪೂರ್ತಿ ತಪ್ಪು.

ಉಚ್ಚಾರದ ವಿಷಯ ಸಣ್ಣದಾಗಿ. ‘ವೇಗ್’ನ ಕಡೆಯ ಎರಡು ಅಕ್ಷರಕ್ಕೆ ಸದ್ದಿಲ್ಲ, ‘ಪ್ಲೇಗ್’ನಲ್ಲಿ ಇರೋ ಹಾಗೇ. ‘ವೇಗ್ಯೂ’ ಅನ್ನಬಾರದು. ‘ನೆಬ್ಯುಲಸ್’ನಲ್ಲಿ ಒತ್ತು ಮೊದಲ ‘ನೆ’ ಮೇಲೆ, ಅದನ್ನ ‘ನೇ’ ಅಂತ ಎಳೀಬೇಡಿ.

ಗಂಗೋತ್ರಿ_ವ್ಯಾಕರಣ

ಇದುವರೆಗೂ ಎಲ್ಲರೂ ಒಂದು ಗುಣವಾಚಕಕ್ಕೆ ಇನ್ನೊಂದು ಗುಣವಾಚಕ ಹುಡುಕುತ್ತಿದ್ದೀರಿ. ಕನ್ನಡ ಈ ಕೆಲಸವನ್ನ ಗುಣವಾಚಕದಿಂದ ಮಾಡೋದು ಕಡಿಮೆ. ಮಾಡೋದು ‘ಓ’ ಪ್ರತ್ಯಯದಿಂದ.

‘ಎ ವೇಗ್ ಫಿಯರ್’ ಅನ್ನೋದನ್ನ ‘ಅಸ್ಪಷ್ಟ ಭಯ’ ಅಂತ ಬರೆದರೆ ಅದು ಪ್ರಶ್ನೆಪತ್ರಿಕೆಯ ಕನ್ನಡ. ‘ಎಂಥದೋ ಭಯ’ ಅನ್ನಿ, ಎರಡು ಪದದಲ್ಲಿ ಇಡೀ ಅರ್ಥ ಬಂತು. ‘ವೇಗ್ಲಿ ಫೆಮಿಲಿಯರ್’ ಅಂದರೆ ‘ಎಲ್ಲೋ ನೋಡಿದ ಹಾಗಿದೆ’. ‘ಸಮ್ ವೇಗ್ ರೀಸನ್’ ಅಂದರೆ ‘ಏನೋ ಒಂದು ಕಾರಣ’. ‘ಐ ಹ್ಯಾವ್ ನಾಟ್ ದ ವೇಗೆಸ್ಟ್ ಐಡಿಯಾ’ಗೆ ‘ಸುಳಿವೇ ಇಲ್ಲ’, ಇಲ್ಲವೇ ‘ಒಂಚೂರೂ ಗೊತ್ತಿಲ್ಲ’. ನೆನಪಿನ ವಿಷಯಕ್ಕೆ ‘ಮಸುಕುಮಸುಕಾಗಿ ನೆನಪಿದೆ’, ಕಣ್ಣಿನ ವಿಷಯಕ್ಕೆ ‘ಮಂಜುಮಂಜಾಗಿ ಕಾಣುತ್ತೆ’. ಪದ ದ್ವಿರುಕ್ತಿ ಆದಾಗ ಅಂಚು ಕರಗುತ್ತೆ, ಇದೂ ನಮ್ಮದೇ ಸಲಕರಣೆ.

‘ಯಾರೋ’ ಮತ್ತು ‘ಯಾರಾದರೂ’ ಬೆರೆಸಬೇಡಿ. ‘ಯಾರೋ ಬಂದಿದ್ದರು’ ಅಂದರೆ ಬಂದದ್ದು ಒಬ್ಬ ಖಚಿತ ಮನುಷ್ಯ, ಯಾರೆಂದು ನನಗೆ ತಿಳಿಯದು. ‘ಯಾರಾದರೂ ಬರಲಿ’ ಅಂದರೆ ಯಾರು ಬಂದರೂ ಸರಿ. ಮೊದಲನೆಯದರಲ್ಲಿ ಕೊರತೆ ಇರೋದು ಹೇಳುವವನ ತಿಳಿವಿನಲ್ಲಿ. ಅದೇ ಕಾರಣಕ್ಕೆ ಕಾನೂನು ಬರಹದಲ್ಲಿ ‘ಓ’ ನಡೆಯಲ್ಲ. ‘ಯಾವುದೋ ಷರತ್ತು’ ಅಂತ ಬರೆದರೆ ಷರತ್ತನ್ನ ತಾತ್ಸಾರ ಮಾಡಿದ ಹಾಗೂ ಕೇಳಿಸುತ್ತೆ.

ಸಂಖ್ಯೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. ‘ನಾಲ್ಕೈದು ಸಾವಿರ’ ವೇಗ್, ಅದು ನಾಲ್ಕೂವರೆಯೂ ಆಗಬಹುದು, ಆರರ ಹತ್ತಿರವೂ ಹೋಗಬಹುದು. ‘ನಾಲ್ಕು ಸಾವಿರ ಅಥವಾ ಐದು ಸಾವಿರ’ ಆಂಬಿಗ್ಯುಯಸ್, ನಡುವೆ ಏನೂ ಇಲ್ಲ. ಅವೇ ಎರಡು ಅಂಕಿ, ಸಮಾಸ ಮಾಡಿದರೆ ಒಂದು ದೋಷ, ಬಿಡಿಸಿದರೆ ಇನ್ನೊಂದು.

ಆಂಬಿಗ್ಯುಯಸ್ ವಿಷಯದಲ್ಲಿ ಕನ್ನಡ ಕೆಲವು ಕಡೆ ಇಂಗ್ಲಿಷಿಗಿಂತ ಬಿಗಿ. ಇಂಗ್ಲಿಷಿನ ‘ಹಿಸ್’ ಯಾರದ್ದು ಅಂತ ತಿಳಿಯದೇ ಇರೋ ಕಡೆ ನಮಗೆ ‘ತನ್ನ’ ಇದೆ. ‘ಅಧ್ಯಕ್ಷರು ಕಾರ್ಯದರ್ಶಿಗೆ ತಮ್ಮ ಕೊಠಡಿಯ ಬೀಗ ಕೊಟ್ಟರು’ ಅಂದರೆ ಅಧ್ಯಕ್ಷರ ಕೊಠಡಿ. ‘ಅವರ ಕೊಠಡಿಯ’ ಅಂದರೆ ಬೇರೆಯವರದು ಅನ್ನೋ ಕಡೆ ಅರ್ಥ ವಾಲುತ್ತೆ. ಆದರೆ ಕೃದಂತದಲ್ಲಿ, ಅಂದರೆ ‘ಪಡೆದ’, ‘ಬಂದ’ ಥರದ ರೂಪದಲ್ಲಿ, ನಾವು ಸಡಿಲ. ‘ಬಹುಮಾನ ಪಡೆದ ಸದಸ್ಯರ ಮಕ್ಕಳು’ ಇದರಲ್ಲಿ ಬಹುಮಾನ ಪಡೆದವರು ಸದಸ್ಯರಾ, ಮಕ್ಕಳಾ? ಅಲ್ಪವಿರಾಮ ಹಾಕಿ ಸರಿಪಡಿಸೋಕೆ ಹೋಗಬೇಡಿ, ಓದುವಾಗ ಅದು ಕೇಳಿಸಲ್ಲ. ವಾಕ್ಯ ತಿರುಗಿಸಿ: ‘ಸದಸ್ಯರ ಮಕ್ಕಳಲ್ಲಿ ಬಹುಮಾನ ಪಡೆದವರು’ ಅಥವಾ ‘ಯಾವ ಸದಸ್ಯರು ಬಹುಮಾನ ಪಡೆದರೋ ಅವರ ಮಕ್ಕಳು’.

ಮದ್ದೂರು_ಡೆಸ್ಕ್

ಆಂಬಿಗ್ಯುಯಸ್‌ಗೆ ‘ದ್ವಂದ್ವಾರ್ಥ’ ಅಂತ ಹಾಕಿದರೆ ಮುಗೀತಲ್ಲ? ಇಲ್ಲಾಂದರೆ ‘ಸಂದಿಗ್ಧ’. ಪತ್ರಿಕೆಯಲ್ಲಿ ಎರಡೂ ಓಡುತ್ತೆ. ವೇಗ್ ಆಶ್ವಾಸನೆಗೆ ‘ಮೂಗಿಗೆ ತುಪ್ಪ ಸವರಿದರು’ ಅಂದರೆ ರೈತರಿಗೆ ತಕ್ಷಣ ತಲುಪುತ್ತೆ.

ಗಂಗೋತ್ರಿ_ವ್ಯಾಕರಣ

ಮೂರೂ ಇಲ್ಲಿ ಬೇಡ ಅಂತೀನಿ.

‘ದ್ವಂದ್ವಾರ್ಥ’ ಈಗ ಸಿನಿಮಾ ಸಂಭಾಷಣೆಗೆ ಅಂಟಿಕೊಂಡಿದೆ, ಅಶ್ಲೀಲದ ಸೂಚನೆ ಬಂದೇ ಬರುತ್ತೆ. ‘ದ್ವಂದ್ವಾರ್ಥದ ಷರತ್ತು’ ಅಂತ ಕೈಪಿಡಿಯಲ್ಲಿ ಬರೆಯೋಕೆ ಆಗಲ್ಲ. ‘ಸಂದಿಗ್ಧ’ ಒಳ್ಳೇ ಪದ. ‘ದಿಗ್ಧ’ ಅಂದರೆ ಬಳಿದದ್ದು, ಒಂದರ ಮೇಲೊಂದು ಮೆತ್ತಿಕೊಂಡು ಯಾವುದು ಯಾವುದೆಂದು ತಿಳಿಯದ ಸ್ಥಿತಿ. ಆದರೆ ಈಗಿನ ಬಳಕೆಯಲ್ಲಿ ‘ಸಂದಿಗ್ಧ ಪರಿಸ್ಥಿತಿ’ ಅಂದರೆ ಇಕ್ಕಟ್ಟು. ವಿದ್ವತ್ ಲೇಖನಕ್ಕೆ ‘ಸಂದಿಗ್ಧಾರ್ಥ’ ಸರಿ, ಹಾಲು ಹಾಕುವವರಿಗೆ ‘ಎರಡರ್ಥ ಬರುವ’ ಸಾಕು.

ಮೂಗಿಗೆ ತುಪ್ಪ ಸವರೋದು, ಮೊಳಕೈಗೆ ಬೆಲ್ಲ ಹಚ್ಚೋದು ಎರಡರಲ್ಲೂ ಮೋಸದ ಆಪಾದನೆ ಇದೆ. ‘ವೇಗ್’ ಅನ್ನೋದರಲ್ಲಿ ಆ ಆಪಾದನೆ ಇಲ್ಲ. ಮಾತು ಕೊಟ್ಟವರು ಪ್ರಾಮಾಣಿಕರೇ ಇರಬಹುದು, ಲೆಕ್ಕ ಹೇಳಿಲ್ಲ ಅಷ್ಟೆ. ‘ಹಾರಿಕೆ ಉತ್ತರ’ ಕೂಡ ಹೀಗೇ, ಅದರಲ್ಲಿ ತಪ್ಪಿಸಿಕೊಳ್ಳೋ ಉದ್ದೇಶ ಸೇರಿದೆ. ‘ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ’ ಅನ್ನೋದು ಇಂಗ್ಲಿಷಿನ ‘ಈಕ್ವಿವೋಕಲ್’ಗೆ ಹೇಳಿ ಮಾಡಿಸಿದ್ದು, ಎರಡೂ ಕೋಣೆಗೆ ಬೆಳಕು ಬೀಳಲಿ ಅಂತ ಬೇಕಂತಲೇ ಇಟ್ಟ ದೀಪ. ಆಂಬಿಗ್ಯುಯಸ್ ಅನ್ನೋದು ಅರಿವಿಲ್ಲದೆ ಬರೆದ ವಾಕ್ಯಕ್ಕೂ ಸಲ್ಲುತ್ತೆ.

‘ಗೊಂದಲಮಯ’ವನ್ನೂ ದೂರ ಇಡಿ. ಗೊಂದಲ ಓದುವವನ ತಲೆಯಲ್ಲಿ ಇರುತ್ತೆ. ಬರಹದ ದೋಷ ಯಾವುದು ಅಂತ ಅದು ಹೇಳಲ್ಲ.

ಕಾಗದಪತ್ರ_ಮಂಡ್ಯ

ನೆಬ್ಯುಲಸ್‌ಗೆ ನ್ಯಾಯಾಲಯದ್ದೇ ಪ್ರಯೋಗ ಇದೆ, ಬಿಟ್ಟುಹೋಗಿತ್ತು. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಎ ಕಲಮನ್ನ ರದ್ದು ಮಾಡಿತು. ‘ಕಿರಿಕಿರಿ’, ‘ಅನಾನುಕೂಲ’, ‘ತೀರಾ ಆಕ್ಷೇಪಾರ್ಹ’ ಇಂಥ ಪದಗಳ ಮೇಲೆ, ಆನ್‌ಲೈನಿನಲ್ಲಿ ಕಳಿಸಿದ ಸಂದೇಶಕ್ಕೆ ಕೊಡೋ ಜೈಲು ಶಿಕ್ಷೆ ನಿಂತಿತ್ತು. ಆ ಕಲಮಿನ ಒಂದೊಂದು ಪದದ ಅರ್ಥವೂ ನೆಬ್ಯುಲಸ್ ಅಂತ ತೀರ್ಪು ಹೇಳಿದೆ. ಒಬ್ಬರಿಗೆ ಕಿರಿಕಿರಿ ಆದದ್ದು ಇನ್ನೊಬ್ಬರಿಗೆ ಆಗದೇ ಇರಬಹುದು ಅನ್ನೋದು ಕಾರಣ. ಯಾವ ಪ್ರಶ್ನೆ ಕೇಳಿದರೂ ‘ಇಲ್ಲಿಂದ ಅಪರಾಧ ಶುರು’ ಅನ್ನೋ ಗೆರೆ ಆ ಪದಗಳೊಳಗೆ ಇಲ್ಲ. ಮೇಷ್ಟ್ರು ಹೇಳಿದ ಮಂಜು ಇದೇ.

ರಾಗಿಕಣ_ನಾಗಮಂಗಲ

ಗೆರೆ ಇಲ್ಲ ಅನ್ನೋದು ಯಾವಾಗಲೂ ಬರೆದವರ ತಪ್ಪಲ್ಲ, ಅದನ್ನೂ ಹೇಳಬೇಕು. ಕಣದಲ್ಲಿ ರಾಗಿ ರಾಶಿ ಇದೆ. ಒಂದು ಕಾಳು ತೆಗೆದರೆ ರಾಶಿಯೇ. ಇನ್ನೊಂದು ತೆಗೆದರೂ ರಾಶಿಯೇ. ಹೀಗೆ ತೆಗೀತಾ ಹೋದರೆ ಎಷ್ಟನೇ ಕಾಳಿಗೆ ಅದು ರಾಶಿ ಅಲ್ಲ ಅನ್ನಿಸಿಕೊಳ್ಳುತ್ತೆ? ಗ್ರೀಕರ ಕಾಲದಿಂದ ಈ ಪ್ರಶ್ನೆ ಇದೆ. ಮಿಲೀಟಸ್ಸಿನ ಯೂಬುಲಿಡೀಸ್ ಹೆಸರಿನಲ್ಲಿ ಹೇಳ್ತಾರೆ, ಗ್ರೀಕಿನಲ್ಲಿ ರಾಶಿಗೆ ‘ಸೊರೋಸ್’ ಅನ್ನೋದರಿಂದ ಸಮಸ್ಯೆಗೂ ಆ ಹೆಸರೇ ಬಂತು. ತತ್ತ್ವಶಾಸ್ತ್ರದವರು ‘ವೇಗ್’ ಅನ್ನೋದು ಇಂಥ ಪದಗಳಿಗೆ: ರಾಶಿ, ಎತ್ತರ, ಬೋಳು, ದೊಡ್ಡ ರೈತ. ನಡುವಿನದ್ದು ಖಚಿತ, ಅಂಚಿನದ್ದು ಖಚಿತವಲ್ಲ. ಲೊತ್ಫಿ ಝಾದೆ 1965ರಲ್ಲಿ ತಂದ ‘ಫಝಿ’ ಗಣಗಳು ಇದಕ್ಕೇ. ಹೌದು ಅಥವಾ ಇಲ್ಲ ಅನ್ನೋ ಬದಲು ಎಷ್ಟರ ಮಟ್ಟಿಗೆ ಹೌದು ಅಂತ 0ಯಿಂದ 1ರೊಳಗೆ ಒಂದು ಬೆಲೆ ಕೊಡುತ್ತೆ.

ಕಾವೇರಿ ನೋಡಿ. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಬಿಳಿಗುಂಡ್ಲು ಹತ್ತಿರ ಬಿಡಬೇಕಾದದ್ದು 177.25 ಟಿಎಂಸಿ. ಅಂಕಿಯಲ್ಲಿ ಯಾವ ಅನುಮಾನವೂ ಇಲ್ಲ. ಮಳೆ ಕೈಕೊಟ್ಟ ಸಂಕಷ್ಟದ ವರ್ಷದಲ್ಲಿ ಪಾಲು ಅದೇ ಅನುಪಾತದಲ್ಲಿ ಕಡಿಮೆಯಾಗಬೇಕು ಅಂತ ನ್ಯಾಯಮಂಡಳಿಯ 2007ರ ಐತೀರ್ಪು ಹೇಳುತ್ತೆ. ಆದರೆ ‘ಸಂಕಷ್ಟ’ ಯಾವ ಗೆರೆಯಿಂದ ಶುರು ಅನ್ನೋದು ಬರಗಾಲ ಬಂದಾಗಲೆಲ್ಲ ವಾದಕ್ಕೆ ಬರುತ್ತೆ. ರಾಶಿಯ ಪ್ರಶ್ನೆಯೇ ಕನ್ನಂಬಾಡಿಯಲ್ಲಿ ನೀರಿನ ಮಟ್ಟವಾಗಿ ನಿಂತಿದೆ. ಇದಕ್ಕೆ ಪತ್ರಿಕೆಗಳು ‘ಅಸ್ಪಷ್ಟ ಆದೇಶ’ ಅಂದರೆ ನನಗೆ ಒಪ್ಪಿಗೆಯಾಗಲ್ಲ. ಆದೇಶ ಸ್ಪಷ್ಟವಾಗಿದೆ, ಅದರೊಳಗಿನ ಒಂದು ಪದದ ಅಂಚು ಸಡಿಲ.

ಕಬ್ಬಿನಗದ್ದೆ_ಪಾಂಡವಪುರ

ಅಂಚು ಸಡಿಲವಿರೋ ಪದವನ್ನ ಬಿಗಿ ಮಾಡೋದು ಹೇಗೆ ಅನ್ನೋಕೆ ಕಬ್ಬಿನ ದರಕ್ಕಿಂತ ಒಳ್ಳೇ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಇಲ್ಲ. ‘ಒಳ್ಳೇ ಕಬ್ಬಿಗೆ ಒಳ್ಳೇ ಬೆಲೆ’ ಅನ್ನೋದು ವೇಗ್. ‘2024-25ರ ಹಂಗಾಮಿಗೆ, ಸಕ್ಕರೆ ಇಳುವರಿ ಶೇ. 10.25 ಇದ್ದರೆ, ಕ್ವಿಂಟಾಲಿಗೆ 340 ರೂಪಾಯಿ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ನಿಗದಿ ಮಾಡುವ ಕನಿಷ್ಠ ದರ)’ ಅನ್ನೋದರಲ್ಲಿ ಜಗಳಕ್ಕೆ ಎಡೆ ಕಡಿಮೆ. ‘ಒಳ್ಳೇ’ ಅನ್ನೋದರ ಜಾಗಕ್ಕೆ ಅಳೆಯಬಹುದಾದ ಇಳುವರಿ ಬಂತು, ‘ಬೆಲೆ’ಗೆ ಅಂಕಿ ಮತ್ತು ತೂಕದ ಮಾನ ಬಂತು, ಯಾವ ಹಂಗಾಮು ಅಂತ ಬಂತು. ಆಮೇಲೆ ಉಳಿಯೋದು ಇಳುವರಿ ಅಳೆದದ್ದು ಯಾರು, ಹೇಗೆ ಅನ್ನೋ ಪ್ರಶ್ನೆ. ಅದು ಭಾಷೆಯದ್ದಲ್ಲ, ನಂಬಿಕೆಯದ್ದು. ಆಶ್ವಾಸನೆ ಯಾಕೆ ವೇಗ್ ಅಂತ ಕೈಪಿಡಿಯಲ್ಲಿ ತೋರಿಸಬೇಕಾದರೆ ಇಂಥ ಜೋಡಿ ಪಕ್ಕಪಕ್ಕ ಇಟ್ಟುಬಿಡಿ ಮೇಡಂ, ವ್ಯಾಖ್ಯಾನ ಬೇಕಾಗಲ್ಲ.

ಹೊತ್ತಗೆ_ಸರಸ್ವತಿಪುರಂ

ಎಲ್ಲರ ಮಾತು ಇಟ್ಟುಕೊಂಡು ತಿದ್ದಿದ ಕರಡು ಇದು. ನೋಡಿ ಹೇಳಿ.

‘ಸಂಘದ ವಿಸ್ತರಣಾ ಯೋಜನೆ ಇನ್ನೂ ರೂಪು ತಳೆದಿಲ್ಲ.’ ‘ಹಿಂದಿನ ಮಂಡಳಿ ಅನುಕೂಲ ಮಾಡಿಕೊಡುವ ಮಾತು ಕೊಟ್ಟಿತ್ತು, ಎಷ್ಟು, ಯಾವಾಗ ಎಂಬುದನ್ನು ಬಿಡಿಸಿ ಹೇಳಿರಲಿಲ್ಲ.’ ‘ಪಶು ಆಹಾರದ ಕರಾರಿನ ಈ ಷರತ್ತಿಗೆ ಎರಡು ಅರ್ಥ ಬರುತ್ತದೆ.’ ‘ಬೈಲಾದಲ್ಲಿರುವ, ಹೆಚ್ಚಿನವರ ಗಮನಕ್ಕೆ ಬಾರದ ಹಳೆಯ ನಿಯಮ.’

ಎಲ್ಲೂ ‘ಅಸ್ಪಷ್ಟ’ ಬಂದಿಲ್ಲ. ಆ ಷರತ್ತು ಇಂಗ್ಲಿಷಿನಲ್ಲಿ ಇರೋದು, ಮಾಲು ಸರಬರಾಜು ಅಥವಾ ಬಿಲ್ಲಿನಿಂದ 15 ದಿನದೊಳಗೆ ಹಣ ಪಾವತಿ ಅಂತ.

ಒಂಟಿಕೊಪ್ಪಲು_ಇಂಗ್ಲಿಷ್_ಮೇಷ್ಟ್ರು

ಮೊದಲನೆಯದರಲ್ಲಿ ‘ಇನ್ನೂ’ ಮೂಲದಲ್ಲಿ ಇದೆಯಾ ನೋಡಿ. ‘ರಿಮೇನ್ಸ್ ನೆಬ್ಯುಲಸ್’ ಅಂತಿದ್ದರೆ ‘ಇನ್ನೂ’ ಸರಿ. ಬರೀ ‘ಈಸ್ ನೆಬ್ಯುಲಸ್’ ಅಂತಿದ್ದರೆ ‘ಯೋಜನೆಗೆ ಖಚಿತ ರೂಪವಿಲ್ಲ’ ಸಾಕು, ಮುಂದೆ ಆಗುತ್ತೆ ಅನ್ನೋ ಭರವಸೆ ನಾವು ಸೇರಿಸಬಾರದು. ನಾಲ್ಕನೆಯದಕ್ಕೆ ಮುಂದಿನ ವಾಕ್ಯ ಓದಿ ನಿರ್ಧರಿಸಿ. ನಿಯಮ ಗೊತ್ತಿಲ್ಲದ್ದಾ, ಗೊತ್ತಿದ್ದೂ ಅರ್ಥವಾಗದ್ದಾ?

ಹೊತ್ತಗೆ_ಸರಸ್ವತಿಪುರಂ

‘ರಿಮೇನ್ಸ್’ ಅಂತಲೇ ಇದೆ ಮೇಷ್ಟ್ರೇ. ನಿಯಮದ ಮುಂದಿನ ಸಾಲಿನಲ್ಲಿ ‘ಕೆಲವೇ ಸದಸ್ಯರಿಗೆ ತಿಳಿದಿದೆ’ ಅಂತಿದೆ, ಹಾಗಾಗಿ ‘ಗಮನಕ್ಕೆ ಬಾರದ’ ಇಟ್ಟುಕೊಳ್ತೀನಿ.

ಕಾಗದಪತ್ರ_ಮಂಡ್ಯ

ಮೂರನೆಯದರಲ್ಲಿ ಎರಡು ಅರ್ಥ ಯಾವುವು ಅಂತ ಕೆಳಗೆ ಬಿಡಿಸಿ ಬರೀರಿ: ಸರಬರಾಜು ಮತ್ತು ಬಿಲ್ಲು, ಎರಡರಲ್ಲಿ ಮೊದಲು ಆದದ್ದರಿಂದ 15 ದಿನವಾ, ಕೊನೆಗೆ ಆದದ್ದರಿಂದಲಾ? ಮಾಲು 1ನೇ ತಾರೀಕು ಬಂದು ಬಿಲ್ಲು 10ಕ್ಕೆ ಬಂದರೆ ಒಂದು ಲೆಕ್ಕದಲ್ಲಿ 16ರೊಳಗೆ, ಇನ್ನೊಂದು ಲೆಕ್ಕದಲ್ಲಿ 25ರೊಳಗೆ ಕೊಡಬೇಕು. ಒಂಬತ್ತು ದಿನದ ಬಡ್ಡಿ ಅಲ್ಲಿದೆ. ಷರತ್ತಿನ ಕನ್ನಡ ಪಾಠದಲ್ಲಿ ಮಾತ್ರ ‘ಅಥವಾ’ ಹಾಗೇ ಇರಲಿ, ‘ಯಾವುದು ಮೊದಲೋ’ ಅಂತ ನೀವು ಸೇರಿಸಬೇಡಿ. ಅದನ್ನ ತಿದ್ದುವ ಅಧಿಕಾರ ಸಹಿ ಹಾಕಿದ ಎರಡು ಕಡೆಯವರದು.